ಇಸಿಯಲ್ಲಿ ಕಾಣದ ಹೆಣ್ಣುಮಕ್ಕಳು

(ಮೊದಲ ಸಲ ಸೈಟು, ಮನೆ ಕೊಳ್ಳುವವರಿಗಾಗಿ ವಕೀಲೆಯೊಬ್ಬರು ಬೆಂಗಳೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)

ನನ್ನ ಕೈಯಲ್ಲಿ ಒಂದು ಫೈಲ್ ಇದೆ. ಕಕ್ಷಿದಾರರೊಬ್ಬರನ್ನು ಕೇಳಿಕೊಂಡು, ಹೆಸರು ವಿಳಾಸ ಎಲ್ಲಾ ಮುಚ್ಚಿ, ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ, ಎಲ್ಲರೂ ಒಂದು ಸಲ ನೋಡಿ. ಹಳೇ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು, ಅದರ ಮೇಲೊಂದು ಶೀಟಿನ ಮನೆ.

ಒಳಗೆ ಏಳು ಕಾಗದ ಇದೆ. 1979ರ ಕ್ರಯಪತ್ರ, ತಂದೆಯ ಹೆಸರಿಗೆ. ತಂದೆ 1996ರಲ್ಲಿ, ತಾಯಿ 2004ರಲ್ಲಿ ತೀರಿಕೊಂಡರು ಅನ್ನುವುದಕ್ಕೆ ಎರಡು ಮರಣ ಪತ್ರ. ವಂಶವೃಕ್ಷ, ಅದರಲ್ಲಿ ಇಬ್ಬರು ಗಂಡುಮಕ್ಕಳು. ದೊಡ್ಡ ಮಗನ ಹೆಸರಿಗೆ ಆಗಿರುವ ಖಾತೆ. ಕಂದಾಯ ಕಟ್ಟಿದ ರಸೀದಿ. ಕೊನೆಗೆ ಇಸಿ, ಅಂದರೆ ಋಣಭಾರ ಪತ್ರ. ಅದರಲ್ಲಿ 1979ರ ಆ ಒಂದು ಕ್ರಯ ಬಿಟ್ಟರೆ ಬೇರೇನೂ ಇಲ್ಲ. ಸಾಲ ಇಲ್ಲ, ಅಡಮಾನ ಇಲ್ಲ. ಮಾರಲು ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದಾರೆ, ಇಬ್ಬರೂ ಬಂದು ಸಹಿ ಹಾಕುತ್ತಾರೆ.

ಕೊಳ್ಳಬಹುದು ಅನ್ನುವವರು ಕೈ ಎತ್ತಿ.

ಮುಕ್ಕಾಲು ಪಾಲು ಜನ ಎತ್ತಿದ್ದೀರಿ. ನಮ್ಮ ಕಕ್ಷಿದಾರರೂ ಹಾಗೇ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಮೊದಲ ಸಲ ಓದಿದಾಗ ನನಗೂ ಕಾಗದದಲ್ಲಿ ತಪ್ಪು ಕಾಣಲಿಲ್ಲ. ಆದರೆ ನನ್ನದೊಂದು ಪದ್ಧತಿ ಇದೆ. ಒಪೀನಿಯನ್, ಅಂದರೆ ಕಾಗದ ಪತ್ರ ನೋಡಿ ಕೊಡುವ ಕಾನೂನು ಅಭಿಪ್ರಾಯ, ಬರೆದುಕೊಡುವ ಮೊದಲು ಜಾಗವನ್ನು ಒಂದು ಸಲ ಹೋಗಿ ನೋಡಿಬರುತ್ತೇನೆ. ಅವತ್ತು ಸಂಜೆ ಹೋದೆ. ಪಕ್ಕದ ಮನೆ ಜಗಲಿಯ ಮೇಲೆ ಅಜ್ಜಿಯೊಬ್ಬರು ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಕೂತು ನಾಲ್ಕು ಕಾಯಿ ಸುಲಿದೆ. ಈ ಮನೆಯವರು ಎಷ್ಟು ವರ್ಷದಿಂದ ಇದ್ದಾರೆ ಅಜ್ಜಿ ಅಂತ ಕೇಳಿದೆ. "ಅವರಪ್ಪ ಕಟ್ಟಿಸಿದ್ದು ಕಣಮ್ಮ. ಒಳ್ಳೇ ಜನ. ಗೌರಿ ಹಬ್ಬ ಬಂದ್ರೆ ಹೆಣ್ಣುಮಕ್ಕಳು ಇಬ್ಬರೂ ಬಾಗಿನಕ್ಕೆ ಬರ್ತಾರೆ, ಮನೆ ತುಂಬಿಹೋಗುತ್ತೆ" ಅಂದರು.

ಹೆಣ್ಣುಮಕ್ಕಳು ಇಬ್ಬರು. ವಂಶವೃಕ್ಷದಲ್ಲಿ ಒಬ್ಬರೂ ಇಲ್ಲ.

ಇದರ ಲೆಕ್ಕ ನೋಡಿ. ಆ ಸೈಟು ತಂದೆ ತಾನೇ ದುಡಿದು ಕೊಂಡದ್ದು, ಪಿತ್ರಾರ್ಜಿತ ಅಲ್ಲ. ಅವರು ವಿಲ್ ಬರೆಯದೆ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮ ಸಮ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಮೊನ್ನೆ ಮೊನ್ನೆ ಬಂದ ಕಾನೂನು ಅಲ್ಲ ಇದು. ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ ಅಂತ ತುಂಬಾ ಜನ ಹೇಳುತ್ತಾರೆ. 2005ರ ತಿದ್ದುಪಡಿ ಬಂದಿದ್ದು ಪಿತ್ರಾರ್ಜಿತ ಆಸ್ತಿಗೆ. ಅಪ್ಪನ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಪಾಲು 1956ರಿಂದಲೂ ಇದೆ. ಆಮೇಲೆ ತಾಯಿಯ ಪಾಲು ಮತ್ತೆ ನಾಲ್ಕೂ ಮಕ್ಕಳಿಗೆ ಹಂಚಿಹೋಯಿತು. ಅಲ್ಲಿಗೆ ಒಬ್ಬೊಬ್ಬರದು ಕಾಲು ಕಾಲು ಭಾಗ. ಅಣ್ಣ ತಮ್ಮ ಇಬ್ಬರೂ ಸೇರಿ ಮಾರಬಹುದಾಗಿದ್ದು ಅರ್ಧ ಸೈಟು ಮಾತ್ರ. ನಮ್ಮ ಕಕ್ಷಿದಾರರು ಪೂರ್ತಿ ಸೈಟಿನ ದುಡ್ಡು ಕೊಟ್ಟು, ಅರ್ಧ ಸೈಟಿನ ಹಕ್ಕು ಪಡೆದು, ಇನ್ನರ್ಧಕ್ಕೆ ಕೋರ್ಟಿಗೆ ಅಲೆಯುತ್ತಿದ್ದರು.

ಹಾಗಂತ ದೊಡ್ಡ ಮಗ ಮೋಸಗಾರ ಅಂತ ತಿಳಿಯಬೇಡಿ. ಕರೆದು ಕೇಳಿದೆ. "ಅವರಿಗೆ ಮದುವೆ ಮಾಡಿ, ಒಡವೆ ಹಾಕಿ ಕಳಿಸಿದೀವಲ್ಲ ಮೇಡಂ, ಅವರ ಹೆಸರು ಯಾಕೆ ಬರಬೇಕು?" ಅಂದರು. ಮನಸ್ಸಿನಿಂದ ಹೇಳಿದ ಮಾತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕಂಡ ಟೈಟಲ್, ಅಂದರೆ ಆಸ್ತಿಯ ಹಕ್ಕಿನ, ತೊಂದರೆಗಳಲ್ಲಿ ಮೋಸ ಕಡಿಮೆ, ಇಂಥ ನಂಬಿಕೆಯೇ ಜಾಸ್ತಿ. ವಂಶವೃಕ್ಷ ಸಿಗುವುದು ಅರ್ಜಿ ಹಾಕಿದವರು ಕೊಡುವ ಅಫಿಡವಿಟ್ ಮೇಲೆ. ಅವರು ಯಾರನ್ನು ಮನೆಯವರು ಅಂದುಕೊಂಡಿದ್ದಾರೋ ಅವರ ಹೆಸರು ಅದರಲ್ಲಿ ಬರುತ್ತದೆ. ತಂಗಿಯರನ್ನು ಕರೆಸಿದೆವು. ನಾಲ್ಕೂ ಜನ ಮಾರಾಟಗಾರರಾಗಿಯೇ ಸಹಿ ಹಾಕಿದರು. ನಾಲ್ಕು ಡಿಡಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು. ದೊಡ್ಡ ತಂಗಿ ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತು ಆ ಡಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಮನೆಯಿಂದ ಅವರ ಹೆಸರಿಗೆ ಬಂದ ಮೊದಲ ಕಾಗದ ಅದು.

ಈಗ ಆ ಇಸಿ ಕೈಯಲ್ಲಿ ಹಿಡಿದವರು ಮತ್ತೊಂದು ಸಲ ನೋಡಿ. ಅದರಲ್ಲಿ ಸುಳ್ಳು ಏನೂ ಇಲ್ಲ. ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ. ಸಾವು ರಿಜಿಸ್ಟರ್ ಆಗುವುದು ಬೇರೆ ಪುಸ್ತಕದಲ್ಲಿ. ಮಗಳು ಹುಟ್ಟಿದ್ದು ಇನ್ನೊಂದು ಕಡೆ. ಅಪ್ಪ ಕಣ್ಣು ಮುಚ್ಚಿದ ಕ್ಷಣಕ್ಕೇ ವಾರಸುದಾರರಿಗೆ ಹಕ್ಕು ಬಂದುಬಿಡುತ್ತದೆ, ಅದಕ್ಕೆ ಸ್ಟ್ಯಾಂಪೂ ಬೇಡ, ಸಹಿಯೂ ಬೇಡ. ಅದು ಇಸಿಯಲ್ಲಿ ಎಲ್ಲಿಂದ ಬರಬೇಕು?

ಇಸಿಯಲ್ಲಿ ಕಾಣದ್ದು ಇನ್ನೂ ಇದೆ. ವಿಲ್ ಕಾಣುವುದಿಲ್ಲ, ಅದನ್ನು ರಿಜಿಸ್ಟರ್ ಮಾಡಿಸಲೇಬೇಕು ಅಂತ ಕಾನೂನೇ ಇಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಕಾಣುವುದಿಲ್ಲ. ದಾವೆ ನಡೆಯುವಾಗ ಆಸ್ತಿ ಕೊಂಡರೆ ಅದರ ತೀರ್ಪಿಗೆ ನೀವೂ ಬದ್ಧರು, ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ಅದಕ್ಕೇ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು, ಅವರ ಅಪ್ಪನ ಹೆಸರು ಹಾಕಿ ಹುಡುಕುತ್ತೇವೆ. ನಮ್ಮಲ್ಲಿ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರಲ್ವಾ, ನಾಲ್ಕೂ ಥರ ಹಾಕಿ ನೋಡಬೇಕು. ರಿಜಿಸ್ಟರ್ ಆಗದ ಕ್ರಯದ ಕರಾರು ಇಸಿಯಲ್ಲಿ ಬರುವುದಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ಪಡೆದರೂ ಅದು ಅಡಮಾನವೇ. ಆದರೆ ಆ ಬಗ್ಗೆ ರಿಜಿಸ್ಟರ್ ಆದ ಪತ್ರ ಇಲ್ಲದಿದ್ದರೆ ಇಸಿ ಸುಮ್ಮನೆ ಕೂತಿರುತ್ತದೆ. ಇಂಥ ಸಾಲ ಹುಡುಕಲು ಸೆರ್ಸಾಯ್ ಅಂತ ಬೇರೆಯೇ ಒಂದು ಕೇಂದ್ರ ದಾಖಲೆ ಇದೆ. ಮಾರುವವರು "ಒರಿಜಿನಲ್ ಮನೆಯಲ್ಲೇ ಎಲ್ಲೋ ಇದೆ, ರಿಜಿಸ್ಟ್ರೇಷನ್ ದಿನ ತರ್ತೀನಿ" ಅಂದರೆ ನಾನು ಅಲ್ಲೇ ಪೆನ್ನು ಕೆಳಗಿಡುತ್ತೇನೆ. ಕ್ರಯಕ್ಕೆ ಮೊದಲು ಮೂಲ ಪತ್ರ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಕೊಟ್ಟಿರುವ ಹಕ್ಕು ಅದು. ಕೇಳಲು ಸಂಕೋಚ ಬೇಡ.

ಇಸಿ ತೆಗೆಸುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. ಬಡಾವಣೆ ಆಗುವ ಮೊದಲು ಅದು ಹೊಲ. ಆಗಿನ ವ್ಯವಹಾರಗಳೆಲ್ಲ ಸರ್ವೆ ನಂಬರ್ ಮೇಲೆ. ಸೈಟ್ ಆದ ಮೇಲೆ ಸೈಟ್ ನಂಬರ್ ಅಥವಾ ಖಾತೆ ನಂಬರ್ ಮೇಲೆ. ಬರೀ ಸೈಟ್ ನಂಬರಿಗೆ ಇಸಿ ತೆಗೆಸಿದರೆ ಹೊಲದ ಕಾಲದ ಜಗಳ ಕಾಣುವುದಿಲ್ಲ. ಬರೀ ಸರ್ವೆ ನಂಬರಿಗೆ ತೆಗೆಸಿದರೆ ಸೈಟಿನ ಮೇಲಿನ ಸಾಲ ತಪ್ಪಿಹೋಗಬಹುದು. ಎರಡೂ ಬೇಕು. ಕಂಪ್ಯೂಟರಿನಲ್ಲಿ, ಅಂದರೆ ನೋಂದಣಿ ಇಲಾಖೆಯ ಈಗಿನ ಕಾವೇರಿ 2.0 ವೆಬ್‌ಸೈಟಿನಲ್ಲಿ, 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ದಪ್ಪ ಪುಸ್ತಕಗಳೇ ಗತಿ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಇಸಿ ತೆಗೆದು ಎಲ್ಲಾ ಸರಿ ಇದೆ ಅಂದುಕೊಂಡವರು ನೋಡಿರುವುದು ಸುಮಾರು ಇಪ್ಪತ್ತು ವರ್ಷದ್ದು ಅಷ್ಟೇ.

ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು? 30 ವರ್ಷ ಅನ್ನುವುದು ರೂಢಿ. ಖಾಸಗಿಯವರು ಜಾಗ ತಮ್ಮದು ಅಂತ ಸ್ವಾಧೀನಕ್ಕೆ ದಾವೆ ಹಾಕಲು ಕಾಲಮಿತಿ 12 ವರ್ಷ, ಸರ್ಕಾರಕ್ಕೆ 30. ಆದರೆ ನಾನು ವರ್ಷ ಎಣಿಸಿ ನಿಲ್ಲುವುದಿಲ್ಲ. ಹಕ್ಕು ಎಲ್ಲಿಂದ ಹೊರಟಿತು ಅನ್ನುವ ಜಾಗ ಸಿಗುವ ತನಕ ಹೋಗುತ್ತೇನೆ. ಅದು ಮಂಜೂರಾತಿ ಇರಬಹುದು, ಇನಾಮು ಇರಬಹುದು, ಗೇಣಿದಾರರಿಗೆ ಸಿಕ್ಕಿದ ಭೂಮಿ ಇರಬಹುದು. ನಮ್ಮ ರಾಜ್ಯದಲ್ಲಿ ಭೂಮಿಯ ಮೂಲ ಯಾವುದು ಅನ್ನುವುದರ ಮೇಲೆ ಅದನ್ನು ಮಾರಬಹುದೋ ಇಲ್ಲವೋ ಅನ್ನುವುದು ನಿಂತಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನ ಸುತ್ತಮುತ್ತ ಸೈಟ್ ನೋಡುತ್ತಿರುವವರಿಗೆ ಇದು ತೀರಾ ಮುಖ್ಯ. ಪಹಣಿಯಲ್ಲಿ, ಅಂದರೆ ಜಮೀನಿನ ಕಂದಾಯ ದಾಖಲೆಯಲ್ಲಿ, ಸರ್ವೆ ನಂಬರ್ ಪಕ್ಕ ಒಂದು "ಪಿ" ಇದ್ದರೆ, ಉದಾಹರಣೆಗೆ 45/ಪಿ12 ಅಂತ ಇದ್ದರೆ, ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಪಿ ಅಂದರೆ ಪೈಕಿ. ದೊಡ್ಡದೊಂದು ಸರ್ವೆ ನಂಬರಿನ ಪೈಕಿ ಇಷ್ಟು ಇವರಿಗೆ ಅಂತ ಬರೆದಿದ್ದಾರೆ, ಇನ್ನೂ ಅಳತೆ ಮಾಡಿ ಪೋಡಿ ಮಾಡಿಲ್ಲ, ಅಂದರೆ ಬೇರೆ ತುಂಡಾಗಿ ಗುರುತಿಸಿಲ್ಲ. ಹೆಚ್ಚಾಗಿ ಸರ್ಕಾರಿ ಜಮೀನು ಮಂಜೂರಾದ ಕಡೆ ಇದು ಕಾಣುತ್ತದೆ. ಆಗ ಮುಂದಿನ ಪ್ರಶ್ನೆ: ಯಾರಿಗೆ ಮಂಜೂರಾಗಿತ್ತು, ಯಾವ ಷರತ್ತಿನ ಮೇಲೆ? ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅವರಿಗೆ ಅದು ಹೇಗೆ ಬಂತು, 11ರಲ್ಲಿ ಇತರೆ ಹಕ್ಕು ಮತ್ತು ಋಣ. ನಿಮಗೆ ತೋರಿಸುವವರು 9ನೇ ಕಾಲಂ ಮೇಲೆ ಬೆರಳಿಡುತ್ತಾರೆ. ವಕೀಲರು 10 ಮತ್ತು 11ನ್ನು ಓದುತ್ತಾರೆ. ಅಲ್ಲಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಶನ್, ಅಂದರೆ ಹೆಸರು ಬದಲಾದ ದಾಖಲೆ, ತೆಗೆಸುತ್ತಾರೆ, ಅದರಿಂದ ಹಿಂದಿನ ಕೈಬರಹದ ಪಹಣಿಗೆ ಹೋಗುತ್ತಾರೆ, ಅಲ್ಲಿಂದ ಭೂಮಿ ಮಂಜೂರಾದಾಗ ಕೊಟ್ಟ ಸಾಗುವಳಿ ಚೀಟಿಗೆ.

ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಅದು. ಹಾಗೆ ಮಾರಿದ್ದರೆ ಆ ಕ್ರಯವೇ ಶೂನ್ಯ. ಆಮೇಲೆ ಎಷ್ಟು ಕೈ ದಾಟಿದ್ದರೂ ಉಪವಿಭಾಗಾಧಿಕಾರಿ ಭೂಮಿಯನ್ನು ಆ ಕುಟುಂಬಕ್ಕೆ ಮರಳಿ ಕೊಡಿಸಬಹುದು. ತುಂಬಾ ವರ್ಷ ತಡ ಮಾಡಿ ಬಂದವರ ಅರ್ಜಿಯನ್ನು ಪರಿಗಣಿಸಬೇಕಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಸೇರಿಸಿತು. ಇದನ್ನು ಕೊಳ್ಳುವವರಿಗೆ ಒಡ್ಡಿದ ಬಲೆ ಅಂತ ಕೆಲವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮೂಟೆ ರಾಗಿಗೋ, ಆಸ್ಪತ್ರೆ ಖರ್ಚಿಗೋ ಎರಡು ಎಕರೆ ಬರೆಸಿಕೊಂಡ ಕಾಲ ಇತ್ತು. ಆ ಕುಟುಂಬಗಳನ್ನು ಉಳಿಸಲು ಬಂದ ಕಾನೂನು ಇದು. ಅದನ್ನು ತಿಳಿದುಕೊಂಡು ಅಂಥ ಭೂಮಿಯ ತಂಟೆಗೆ ಹೋಗದಿರುವುದು ಕೊಳ್ಳುವವರ ಕರ್ತವ್ಯ, ತಿಳಿಸುವುದು ವಕೀಲರ ಕರ್ತವ್ಯ.

ಊರಿನ ಚಾಕರಿಗೆ ಪ್ರತಿಯಾಗಿ ಕೊಟ್ಟ ತೋಟಿ, ತಳವಾರ, ನೀರಗಂಟಿ ಇನಾಂತಿ ಜಮೀನಿಗೂ ಅದರದೇ ಕಾಯ್ದೆ, ಅದರದೇ ಷರತ್ತು ಇದೆ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅನ್ನುವುದೂ ನೋಡಬೇಕು. ಅ ಖರಾಬು ಬೇರೆ, ಬ ಖರಾಬು ಬೇರೆ. ಬ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದರ ಮೇಲೆ ಸೈಟ್ ಬಿದ್ದಿದ್ದರೆ ನಿಮ್ಮ ಕ್ರಯಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಇದನ್ನು ಕಂಡುಹಿಡಿಯಲು ವಕೀಲರೊಬ್ಬರೇ ಸಾಲದು, ಗ್ರಾಮ ನಕಾಶೆ ಓದಬಲ್ಲ ಸರ್ವೇಯರ್ ಜೊತೆಗೆ ಬೇಕು.

ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: "ರಿಜಿಸ್ಟರ್ ಆಗಿದೆ ಅಂದಮೇಲೆ ಸರ್ಕಾರವೇ ಒಪ್ಪಿದ ಹಾಗೆ ಅಲ್ವಾ?" ಅಲ್ಲ. ಸಬ್ ರಿಜಿಸ್ಟ್ರಾರ್ ರಿಜಿಸ್ಟರ್ ಮಾಡುವುದು ಪತ್ರವನ್ನು. ಬಂದವರು ಇವರೇನಾ, ಸ್ಟ್ಯಾಂಪ್ ಡ್ಯೂಟಿ ಕಟ್ಟಿದ್ದಾರಾ, ಬೇಕಾದ ದಾಖಲೆ ಲಗತ್ತಿಸಿದ್ದಾರಾ, ಇದನ್ನು ನೋಡುತ್ತಾರೆ. ಮಾರುವವರಿಗೆ ನಿಜವಾಗಿ ಹಕ್ಕು ಇದೆಯಾ ಅಂತ ತೀರ್ಮಾನ ಮಾಡುವ ಅಧಿಕಾರ ಅವರಿಗಿಲ್ಲ. ತಮಿಳುನಾಡಿನಲ್ಲಿ ಮಾರುವವರ ಟೈಟಲ್ ಸಾಬೀತಾಗದಿದ್ದರೆ ರಿಜಿಸ್ಟರ್ ಮಾಡುವಂತಿಲ್ಲ ಅಂತ ಒಂದು ನಿಯಮ ಮಾಡಿದ್ದರು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು, ಟೈಟಲ್ ವಿಚಾರ ನೋಂದಣಿ ಅಧಿಕಾರಿಯ ಕೆಲಸ ಅಲ್ಲ ಅಂತ. ಹಾಗಾದರೆ ಯಾರ ಕೆಲಸ? ಕೊನೆಗೆ ಸಿವಿಲ್ ಕೋರ್ಟಿನದು. ಅದಕ್ಕೂ ಮೊದಲು, ದುಡ್ಡು ಕೈಬಿಡುವ ಮುಂಚೆ, ಕೊಳ್ಳುವವರದು. ಅವರ ಪರವಾಗಿ ವಕೀಲರದು.

ಖಾತೆ ವಿಷಯ ಬೇಗ ಮುಗಿಸುತ್ತೇನೆ. ಎ ಖಾತಾ, ಬಿ ಖಾತಾ, ಇ-ಖಾತಾ, ಪಂಚಾಯ್ತಿಯ ಇ-ಸ್ವತ್ತು, ಇವುಗಳಲ್ಲಿ ನಿಮ್ಮ ಆಸ್ತಿಗೆ ಅನ್ವಯಿಸುವುದು ಬೇಕಾದ್ದೇ. ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ಆದರೆ ಖಾತೆ ಅಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನುವ ಲೆಕ್ಕ. ನಾನು ತಂದ ಫೈಲಿನಲ್ಲೂ ಖಾತೆ ದೊಡ್ಡ ಮಗನ ಹೆಸರಿಗೆ ಇತ್ತಲ್ಲ.

ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. "ಬ್ಯಾಂಕಿನವರೇ ಲೀಗಲ್ ಮಾಡಿಸಿ ಲೋನ್ ಕೊಟ್ಟಿದ್ದಾರೆ, ಇನ್ನೇನು ನೋಡೋದು?" ಈ ಮಾತನ್ನು ನಾನು ವಾರಕ್ಕೊಂದು ಸಲವಾದರೂ ಕೇಳುತ್ತೇನೆ. ಬ್ಯಾಂಕಿನ ಪ್ಯಾನಲ್ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯಾ ಅಂತ. ಫೀಸ್ ನಿಮ್ಮ ಜೇಬಿನಿಂದ ಹೋಗಿರಬಹುದು, ಆದರೂ ಅವರ ಕಕ್ಷಿದಾರ ಬ್ಯಾಂಕು. ಎಷ್ಟೋ ಕಡೆ ಆ ಒಪೀನಿಯನ್ ಪ್ರತಿಯನ್ನು ನಿಮಗೆ ಕೊಡುವುದೂ ಇಲ್ಲ. ನಾಳೆ ಟೈಟಲ್ ಕೆಟ್ಟರೆ ಬ್ಯಾಂಕು ನಿಮ್ಮ ಸಂಬಳದಿಂದ ಕಂತು ಕಟ್ಟಿಸಿಕೊಳ್ಳುತ್ತಲೇ ಇರುತ್ತದೆ. 60 ಲಕ್ಷದ ಸೈಟಿಗೆ 40 ಲಕ್ಷ ಸಾಲ ಅಂದುಕೊಳ್ಳಿ. ಉಳಿದ 20 ಲಕ್ಷ ನಿಮ್ಮ ಉಳಿತಾಯ, ಹೆಂಡತಿಯ ಒಡವೆ, ಅಪ್ಪ ಊರಿನಲ್ಲಿ ತೋಟ ಮಾರಿ ಕಳಿಸಿದ್ದು. ಆ 20 ಲಕ್ಷವನ್ನು ಕಾಯಲು ಒಬ್ಬರು ವಕೀಲರು ಬೇಡವಾ?

ಅದೇ 60 ಲಕ್ಷಕ್ಕೆ 5 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ ಅಂದರೆ 3 ಲಕ್ಷ, ಸೆಸ್ಸು ಸರ್‌ಚಾರ್ಜು ಬೇರೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್ ಆಗಿದೆ, ಅದು 1 ಲಕ್ಷದ 20 ಸಾವಿರ. ಬ್ರೋಕರ್ ಕಮಿಷನ್ನೂ ಇರುತ್ತದೆ. ಇಷ್ಟೆಲ್ಲ ಕೊಟ್ಟವರು ಕಾಗದ ಓದುವವರ ಹತ್ತಿರ ಬಂದು ಚೌಕಾಸಿ ಮಾಡುತ್ತಾರೆ, ಅಥವಾ "ಸುಮ್ನೆ ಒಂದು ಸಲ ಕಣ್ಣಾಡಿಸಿ ಮೇಡಂ, ಸಾಕು" ಅನ್ನುತ್ತಾರೆ. ಕಣ್ಣಾಡಿಸಿದರೆ ಸಾಲದು ಅನ್ನುವುದಕ್ಕೇ ಆ ಫೈಲನ್ನು ಇವತ್ತು ತಂದಿದ್ದು.

ನಮ್ಮ ಕಡೆಯ ಮಾತನ್ನೂ ನೇರವಾಗಿ ಹೇಳಬೇಕು. ವಕೀಲರು ಕೊಟ್ಟ ಒಪೀನಿಯನ್ ತಪ್ಪಾದರೆ ನಿಮಗೇನು ದಾರಿ? 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ಹಾಗಿಲ್ಲ. ಬ್ಯಾಂಕಿನ ಪ್ಯಾನಲ್ ವಕೀಲರೊಬ್ಬರ ಪ್ರಕರಣದಲ್ಲಿ 2012ರಲ್ಲೇ ಅದೇ ಕೋರ್ಟ್, ಒಳಸಂಚಿಗೆ ಪುರಾವೆ ಇಲ್ಲದೆ ಬರೀ ಒಪೀನಿಯನ್ ತಪ್ಪಾಯಿತು ಅಂತ ವಕೀಲರ ಮೇಲೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ ಅಂದಿದೆ. ಉಳಿಯುವುದು ಸಿವಿಲ್ ದಾವೆ, ಬಾರ್ ಕೌನ್ಸಿಲ್ ದೂರು. ಎರಡೂ ನಿಧಾನ. ಆದ್ದರಿಂದ ನೀವು ಜಾಗ್ರತೆ ಮಾಡಬೇಕಾದ್ದು ವಕೀಲರನ್ನು ಆರಿಸುವಾಗ. ಮಾರುವವರೋ ಬ್ರೋಕರೋ "ನಮ್ಮ ಲಾಯರೇ ಇದ್ದಾರೆ, ಇಬ್ಬರಿಗೂ ಅವರೇ ಮಾಡ್ತಾರೆ" ಅಂದರೆ ದಯವಿಟ್ಟು ಒಪ್ಪಬೇಡಿ. ಒಬ್ಬರೇ ಇಬ್ಬರ ಪರ ಕೂತು ಈ ಕೆಲಸ ಮಾಡಲು ಆಗುವುದಿಲ್ಲ. ಅವರು ಎಷ್ಟೇ ಒಳ್ಳೆಯವರಾದರೂ ಆಗುವುದಿಲ್ಲ.

ಒಪೀನಿಯನ್ ಕೈಗೆ ಬಂದಾಗ ಎಲ್ಲರೂ ಕೊನೇ ಸಾಲಿಗೆ ಹೋಗುತ್ತಾರೆ, "ಟೈಟಲ್ ಸರಿ ಇದೆ, ಕೊಳ್ಳಬಹುದು" ಅಂತ ಇದೆಯಾ ಅಂತ. ಅದರ ಮೇಲಿನ ಪ್ಯಾರಾ ಓದಿ. "ಒದಗಿಸಿದ ಜೆರಾಕ್ಸ್ ಪ್ರತಿಗಳ ಆಧಾರದ ಮೇಲೆ" ಅಂತ ಇದ್ದರೆ ಅವರು ಒರಿಜಿನಲ್ ನೋಡಿಲ್ಲ. "ಈ ಕೆಳಗಿನ ದಾಖಲೆ ಪಡೆದುಕೊಳ್ಳುವ ಷರತ್ತಿಗೆ ಒಳಪಟ್ಟು" ಅಂತ ಇದ್ದರೆ, ಆ ದಾಖಲೆ ಬರುವ ತನಕ ಅದು ಪೂರ್ತಿ ಒಪೀನಿಯನ್ ಅಲ್ಲ. ಆ ಪಟ್ಟಿಯಲ್ಲಿ ನಾಲ್ಕು ದಾಖಲೆ ಇದ್ದು, ನಾಲ್ಕೂ ಬರದೆಯೇ ರಿಜಿಸ್ಟ್ರೇಷನ್‌ಗೆ ಹೊರಟವರನ್ನು ನೋಡಿದ್ದೇನೆ. ಮುಹೂರ್ತ ಇಟ್ಟಾಗಿದೆ ಮೇಡಂ ಅಂದರು. ಮುಹೂರ್ತ ಇನ್ನೊಂದು ಸಿಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಸೋದರತ್ತೆಯ ಮಗ ಫೋನಿನಲ್ಲಿ ಕೇಳಿದ, "ಅಕ್ಕ, ಅಲ್ಲಿ ಟೈಟಲ್ ಇನ್ಶೂರೆನ್ಸ್ ಇಲ್ವಾ?" ಅಂತ. ಅವನು ಅಲ್ಲಿ ಮನೆ ಕೊಂಡಾಗ ಸಾಲ ಕೊಟ್ಟವರಿಗೊಂದು, ತನಗೊಂದು ಪಾಲಿಸಿ ತೆಗೆದುಕೊಂಡಿದ್ದನಂತೆ. ಹಳೇ ಕಾಲದ ದೋಷವೊಂದು ಮುಂದೆ ಎದ್ದುಬಂದರೆ ವಿಮಾ ಕಂಪನಿ ನಿಂತು ನೋಡಿಕೊಳ್ಳುತ್ತದೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ವಕೀಲರು ಇರಲೇಬೇಕು, ಇನ್ನು ಕೆಲವು ಕಡೆ ಟೈಟಲ್ ಕಂಪನಿಗಳೇ ಹುಡುಕಾಟ ಮುಗಿಸುತ್ತವೆ. ನಮ್ಮಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ, ಕಾಯ್ದೆಯ 16ನೇ ಸೆಕ್ಷನ್ ಬಿಲ್ಡರ್‌ಗಳು ಟೈಟಲ್ ವಿಮೆ ಮಾಡಿಸಬೇಕು ಅನ್ನುತ್ತದೆ, ಆದರೆ ಅದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಕಾರ. ಒಂಟಿ ಸೈಟು ಕೊಳ್ಳುವ ಸಾಮಾನ್ಯ ಮನುಷ್ಯನ ಕೈಗೆ ಅಂಥ ಪಾಲಿಸಿ ಇನ್ನೂ ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ನಿಮಗಿರುವ ವಿಮೆ ಅಂದರೆ ಆ ಹತ್ತಿಪ್ಪತ್ತು ಪುಟದ ಒಪೀನಿಯನ್ನೇ.

ಆ ಹುಡುಗ ಊರಿನ ಸೈಟ್ ಮಾರಲು ತಮ್ಮನಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಕಳಿಸಬೇಕಿತ್ತು, ಅದಕ್ಕೇ ಫೋನ್ ಮಾಡಿದ್ದು. ಜಿಪಿಎ ಇಂದ ಕೊಳ್ಳುವವರು ಎರಡು ವಿಷಯ ನೋಡಿ. ಬರೆದುಕೊಟ್ಟವರು ಇವತ್ತು ಬದುಕಿದ್ದಾರಾ? ಅವರು ತೀರಿಕೊಂಡ ದಿನವೇ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಬಡಾವಣೆಯೊಂದರಲ್ಲಿ ಜಮೀನಿನ ಯಜಮಾನರ ಮರಣ ಪತ್ರದ ತಾರೀಖು ಮತ್ತು ಸೈಟುಗಳ ಕ್ರಯಪತ್ರದ ತಾರೀಖು ಪಕ್ಕ ಪಕ್ಕ ಇಟ್ಟು ನೋಡಿದೆ. ಯಜಮಾನರು ತೀರಿಕೊಂಡು ಒಂದೂವರೆ ವರ್ಷದ ಮೇಲೂ ಅವರ ಜಿಪಿಎ ಮೇಲೆ ಸೈಟು ಮಾರಾಟ ಆಗುತ್ತಲೇ ಇತ್ತು. ಇನ್ನೊಂದು, ನಿಮಗೆ ಬರೀ ಜಿಪಿಎ ಬರೆದುಕೊಟ್ಟು "ಇದೇ ಕ್ರಯ" ಅಂದರೆ ನಂಬಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ವಕೀಲರ ಹತ್ತಿರ ಯಾವಾಗ ಹೋಗಬೇಕು? ಅಡ್ವಾನ್ಸ್ ಕೊಡುವ ಮೊದಲು. ಟೋಕನ್ ಅಂತ ಐವತ್ತು ಸಾವಿರ, ಲಕ್ಷ ಕೊಟ್ಟಮೇಲೆ ಮನಸ್ಸು ಆ ಮನೆಯ ಕಡೆ ವಾಲಿಬಿಡುತ್ತದೆ. ಆಮೇಲೆ ವಕೀಲರು ಬೇಡ ಅಂದರೂ ಕಿವಿಗೆ ಹೋಗುವುದಿಲ್ಲ. ಕೊಡಲೇಬೇಕಾಗಿ ಬಂದರೆ, ಟೈಟಲ್ ಸರಿ ಬರದಿದ್ದರೆ ಇಷ್ಟು ದಿನದೊಳಗೆ ಪೂರ್ತಿ ವಾಪಸ್ ಅಂತ ಕರಾರಿನಲ್ಲಿ ಬರೆಸಿಕೊಂಡು, ಚೆಕ್ಕಿನಲ್ಲೇ ಕೊಡಿ. ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸಿ. ಈ ಸೈಟನ್ನು ನಾವು ಕೊಳ್ಳುತ್ತಿದ್ದೇವೆ, ತಕರಾರು ಇದ್ದವರು ಇಷ್ಟು ದಿನದಲ್ಲಿ ತಿಳಿಸಿ ಅಂತ. ಕಾನೂನಿನಲ್ಲಿ ಕಡ್ಡಾಯ ಇಲ್ಲ, ಆದರೂ ಹಾಕಿಸಿ, ಆ ಊರಿನವರು ಓದುವ ಕನ್ನಡ ಪೇಪರಿನಲ್ಲಿ. ದೂರದ ಊರಿಗೆ ಮದುವೆಯಾಗಿ ಹೋದ ಮಗಳ ಕಣ್ಣಿಗೆ ಅದು ಬೀಳದಿರಬಹುದು, ಅವಳ ಸೋದರಮಾವನ ಕಣ್ಣಿಗೆ ಬಿದ್ದೀತು.

ಫ್ಲಾಟ್ ಕೊಳ್ಳುವವರಿಗೂ ಇದೆಲ್ಲ ಬೇಕಾ ಅಂತ ಕೇಳಿದ್ದೀರಿ. ಬೇಕು. ನೀವು ಕೊಳ್ಳುವುದು ನಾಲ್ಕನೇ ಮಹಡಿಯ ಮನೆ ಮಾತ್ರ ಅಲ್ಲ, ಕೆಳಗಿನ ಭೂಮಿಯಲ್ಲಿ ಅವಿಭಜಿತ ಪಾಲು. ಭೂಮಿಯವರಿಗೂ ಬಿಲ್ಡರ್‌ಗೂ ಆದ ಜಂಟಿ ಕರಾರು ಓದಬೇಕು, ನಿಮ್ಮ ಫ್ಲಾಟ್ ಯಾರ ಪಾಲಿಗೆ ಬಂದದ್ದು ಅಂತ ನೋಡಬೇಕು. ರೇರಾದಲ್ಲಿ ನೋಂದಣಿ ಆದ ಯೋಜನೆಯಾದರೆ ಒಂದು ಅನುಕೂಲ ಇದೆ. ದಾಖಲೆಗಳನ್ನು ರೇರಾ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಭೂಮಿಯ ಟೈಟಲ್ ದೋಷದಿಂದ ನಿಮಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಆ ಹಕ್ಕಿಗೆ ಕಾಲಮಿತಿ ಅಡ್ಡ ಬರುವುದಿಲ್ಲ ಅಂತ 18ನೇ ಸೆಕ್ಷನ್ ಹೇಳುತ್ತದೆ. ಒಂಟಿ ಸೈಟ್ ಕೊಂಡವರಿಗೆ ಇಷ್ಟು ಗಟ್ಟಿಯಾದ ಮಾತು ಕಾನೂನಿನಲ್ಲಿ ಇಲ್ಲ.

ಕೊನೆಗೆ, ಅಲ್ಲಿ ಕಂಬದ ಪಕ್ಕ ನಿಂತಿರುವವರು ಕೇಳಿದ್ದು: "ಎರಡು ವರ್ಷದ ಹಿಂದೆ ವಕೀಲರಿಗೆ ತೋರಿಸದೆ ಕೊಂಡುಬಿಟ್ಟಿದ್ದೀವಿ, ಈಗ ಏನು ಮಾಡೋದು?" ಈಗ ತೋರಿಸಿ. ತಡವಾಯಿತು ಅಂತ ಸುಮ್ಮನಿರಬೇಡಿ. ಯಾರದಾದರೂ ಸಹಿ ಬಿಟ್ಟುಹೋಗಿದ್ದರೆ, ಅವರು ಬದುಕಿರುವಾಗ, ಮಾರಿದವರ ಜೊತೆ ಮಾತುಕತೆ ಇರುವಾಗ ಹಕ್ಕು ಖುಲಾಸೆ ಪತ್ರ ಬರೆಸಿ ರಿಜಿಸ್ಟರ್ ಮಾಡಿಸಿಕೊಳ್ಳುವುದು ಸುಲಭ. ಅವರ ಕಾಲ ಮುಗಿದರೆ ಒಂದು ಸಹಿಯ ಬದಲು ಅವರ ಮಕ್ಕಳ ಆರು ಸಹಿ ಬೇಕಾಗುತ್ತದೆ. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ, ಅದೂ ಆಗುತ್ತದೆ, ತಿದ್ದುಪಡಿ ಪತ್ರ ಮಾಡಿಸಬಹುದು. ಮಾರಿದವರು ನಿಮ್ಮ ಕೈಗೆ ಕೊಡದೆ ಇಟ್ಟುಕೊಂಡ ಹಳೇ ಮೂಲ ಪತ್ರ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ.

ಫೈಲ್ ಜೊತೆಗೇ ತಂದಿದ್ದೀರಾ? ಕೊಡಿ, ಇಲ್ಲೇ ಕೂತು ನೋಡೋಣ.